ಮನೋರೋಗ ವಾರ್ಡ್‌ನಲ್ಲಿ ಅಟೆಂಡರ್ ಕೆಲಸ: ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯಲ್ಲಿ ಆಸ್ಪತ್ರೆ ಕೆಲಸ ಹುಡುಕುವವರ ಈ ಗುಂಪಿನಲ್ಲಿ ಮನೋರೋಗ ವಾರ್ಡ್ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಅಟೆಂಡರ್, ಆಯಾ, ವಾರ್ಡ್ ಅಸಿಸ್ಟೆಂಟ್, ಹೆಸರು ಏನೇ ಇರಲಿ, ದಿನವಿಡೀ ರೋಗಿಗಳ ಜೊತೆಗೇ ಇರುವ ಕೆಲಸ ಅದು. ಬಹಳ ವರ್ಷ ಈ ವಾರ್ಡ್‌ನಲ್ಲಿ ನರ್ಸ್ ಆಗಿರುವ ನಮ್ಮ ಸಿಸ್ಟರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ರೋಗಿಯ ಹೆಸರು, ಆಸ್ಪತ್ರೆ ಹೆಸರು ಹಾಕಬೇಡಿ.

ಬಂಗಾರಪೇಟೆ ಹುಡುಗ: ನಮಸ್ತೆ ಮೇಡಂ. ಎಸ್ಸೆಸ್ಸೆಲ್ಸಿ ಸಾಕಾ? ಸಂಬಳ ಎಷ್ಟು ಬರುತ್ತೆ?

ಸಿಸ್ಟರ್: ನಮಸ್ತೆ. ಅಟೆಂಡರ್ ಕೆಲಸಕ್ಕೆ ಜಾಸ್ತಿ ಕಡೆ ಎಸ್ಸೆಸ್ಸೆಲ್ಸಿ ಸಾಕು. ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡಿದ್ದರೆ ಮೊದಲು ಕರೆಯುತ್ತಾರೆ. ಸಂಬಳ ಒಂದೊಂದು ಕಡೆ ಒಂದೊಂದು ತರ, ಏಜೆನ್ಸಿ ಮೂಲಕ ಹೋದರೆ ಇನ್ನೂ ಬೇರೆ. ಸೇರುವ ಮುಂಚೆ ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ ಕೇಳಿ. 21,000 ರೂಪಾಯಿ ಒಳಗಿನ ಸಂಬಳಕ್ಕೆ ಇಎಸ್‌ಐ ಬರುತ್ತೆ. ಈ ಕೆಲಸದಲ್ಲಿ ಪೆಟ್ಟಾಗುವ ಸಂದರ್ಭ ಇರುತ್ತೆ, ಆಗ ಅದು ಬೇಕು. ಅಪಾಯಿಂಟ್‌ಮೆಂಟ್ ಲೆಟರ್ ಕೈಗೆ ಬರುವವರೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡಿ.

ಮುಳಬಾಗಿಲು ಬಿಎ: ನಾನು ಬಿಎ ಸೈಕಾಲಜಿ ಮಾಡಿದ್ದೇನೆ ಮೇಡಂ. ವಾರ್ಡ್‌ನಲ್ಲಿ ಕೌನ್ಸೆಲಿಂಗ್ ಮಾಡಲು ಬಿಡುತ್ತಾರಾ?

ಸಿಸ್ಟರ್: ಇಲ್ಲಮ್ಮ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ಅದಕ್ಕೆ ಬಿಎ ಮೇಲೆ ಇನ್ನೂ ಓದಬೇಕು. ವಾರ್ಡ್‌ನಲ್ಲಿ ನಿಮ್ಮ ಕೆಲಸ ಬೇರೆ. ಸ್ನಾನ ಮಾಡಿಸುವುದು, ಊಟಕ್ಕೆ ಎಬ್ಬಿಸುವುದು, ಅಂಗಳದಲ್ಲಿ ಜೊತೆಗೆ ನಡೆಯುವುದು, ಕೇರಂ ಆಡಿಸುವುದು. ನರ್ಸ್ ಮಾತ್ರೆ ಕೊಟ್ಟ ಮೇಲೆ ಎರಡು ಮಾತು ಆಡಿಸಬೇಕು. ಮಾತ್ರೆ ಕೆನ್ನೆಯಲ್ಲಿ ಇಟ್ಟುಕೊಂಡಿದ್ದರೆ ಮಾತು ತೊದಲುತ್ತೆ, ಗೊತ್ತಾಗುತ್ತೆ. ಯಾರೋ ನನಗೆ ವಿಷ ಹಾಕುತ್ತಿದ್ದಾರೆ ಅಂತ ರೋಗಿ ಅಂದರೆ ಹೌದು ಅನ್ನಬೇಡಿ, ಸುಳ್ಳು ಅಂತ ವಾದಕ್ಕೂ ಇಳಿಯಬೇಡಿ. ನಿಮಗೆ ಭಯ ಆಗ್ತಿದೆ ಅಲ್ವಾ, ನಾನು ಇಲ್ಲೇ ಇರ್ತೀನಿ ಅನ್ನಿ, ಸಾಕು. "ಯಾರಿಗೂ ಹೇಳಬೇಡ" ಅಂತ ಏನಾದರೂ ಹೇಳಿದರೆ ಮಾತು ಕೊಡಬೇಡಿ. ಆತ್ಮಹತ್ಯೆ ವಿಷಯ ಆಗಿದ್ದರೆ ಅದನ್ನು ನರ್ಸ್‌ಗೆ ಹೇಳಲೇಬೇಕು.

ಇನ್ನೊಂದು ಮಾತು. ಆತ್ಮಹತ್ಯೆ ಯೋಚನೆ ಇರುವವರನ್ನು 15 ನಿಮಿಷಕ್ಕೊಮ್ಮೆ ನೋಡಿ ರಿಜಿಸ್ಟರ್‌ನಲ್ಲಿ ಬರೆಯಿರಿ ಅಂತ ನಿಮಗೆ ಹೇಳುತ್ತಾರೆ. ರಾತ್ರಿ ನಿದ್ದೆ ಹೊಡೆದು ಬೆಳಿಗ್ಗೆ ಆರಕ್ಕೆ ಎಲ್ಲಾ ಕಾಲಂಗೂ ಒಟ್ಟಿಗೆ ಟಿಕ್ ಹಾಕುವವರು ಇದ್ದಾರೆ. ಅಂಥವರು ದಯವಿಟ್ಟು ಈ ಕೆಲಸಕ್ಕೆ ಬರಬೇಡಿ. ಸರಿಯಾಗಿ ಕಾಲು ಗಂಟೆಗೇ ಹೋಗಬೇಡಿ, ಮಧ್ಯೆ ಮಧ್ಯೆಯೂ ಹೋಗಿ. ರೋಗಿಗೆ ನಿಮ್ಮ ಟೈಮ್ ಬೇಗ ಗೊತ್ತಾಗುತ್ತೆ. ಮುಸುಕು ಹಾಕಿಕೊಂಡಿದ್ದರೆ ಮುಖ ನೋಡಿ, ಉಸಿರಾಟ ನೋಡಿ.

ಮಾಲೂರಿನವನು: ಸಂಬಳ ಎಷ್ಟು ಅಂತ ಹೇಳಲೇ ಇಲ್ಲ ಮೇಡಂ.

ಸಿಸ್ಟರ್: ಮೇಲೆ ಬರೆದಿದ್ದೇನೆ.

ಶ್ರೀನಿವಾಸಪುರದಿಂದ: ಕರೆಂಟ್ ಶಾಕ್ ಕೊಡುವಾಗ ರೋಗಿಯನ್ನು ನಾವು ಹಿಡಿದುಕೊಳ್ಳಬೇಕಂತೆ, ನಿಜಾನಾ?

ಸಿಸ್ಟರ್: ಸಿನಿಮಾ ನೋಡಿ ಹೇಳಬೇಡಿ. ನೀವು ಹೇಳುವ ಕರೆಂಟ್ ಶಾಕ್, ಅಂದರೆ ಇಸಿಟಿಯನ್ನು, ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಮಾಡುತ್ತಾರೆ. ಅದಿಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ನಿಮ್ಮ ಕೆಲಸ ಅದಕ್ಕೂ ಮುಂಚೆ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರುವಂತೆ ನೋಡಿಕೊಳ್ಳುವುದು. ಮನೆಯವರು ಪಾಪ ಅಂತ ಬೆಳಿಗ್ಗೆ ಫ್ಲಾಸ್ಕ್‌ನಿಂದ ಕಾಫಿ ಕೊಟ್ಟುಬಿಡುತ್ತಾರೆ. ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು.

ಹೊಸ ಅಟೆಂಡರ್: ಸಿಸ್ಟರ್, ನಾನು ಇತ್ತೀಚೆಗೆ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿದ್ದೇನೆ. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ಹೋಗುವ ಕಾಯಿಲೆ) ಇರುವ ಒಬ್ಬರು ನಮ್ಮ ವಾರ್ಡ್‌ನಲ್ಲಿದ್ದಾರೆ, ಲಿಥಿಯಂ ಕೊಡುತ್ತಾರೆ. ಉಪ್ಪು ಬಿಟ್ಟರೆ ಕೋಪ ಇಳಿಯುತ್ತೆ ಅಂತ ಮನೆಯವರಿಗೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಮನೆಯಿಂದ ಉಪ್ಪಿಲ್ಲದ ಮುದ್ದೆ, ಸಾರು ತರುತ್ತಿದ್ದಾರೆ, ಆಸ್ಪತ್ರೆ ಊಟ ಮುಟ್ಟಿಸುತ್ತಿಲ್ಲ. ನಿನ್ನೆಯಿಂದ ಅವರ ಕೈ ಜೋರಾಗಿ ನಡುಗುತ್ತಿದೆ, ಟೀ ಲೋಟ ಹಿಡಿಯಲು ಆಗಲ್ಲ. ಭೇದಿ ಆಗುತ್ತಿದೆ. ಕುಡಿದವರ ತರ ವಾಲಾಡುತ್ತಾ ನಡೆಯುತ್ತಾರೆ. ಹೇಳಿದ್ದಕ್ಕೆ ವಾರ್ಡ್‌ನವರು ಮಾತ್ರೆಯಿಂದ ಹಾಗೆ ಆಗುತ್ತೆ ಬಿಡು ಅಂದರು. ನಾನು ಬರೀ ಅಟೆಂಡರ್. ಮತ್ತೆ ಹೇಳಿದರೆ ತಪ್ಪಾಗುತ್ತಾ?

ಸಿಸ್ಟರ್: ಫೋನ್ ಕೆಳಗಿಟ್ಟು ಈಗಲೇ ಡ್ಯೂಟಿ ನರ್ಸ್ ಹತ್ತಿರ ಹೋಗಿ. ಉಳಿದದ್ದು ಆಮೇಲೆ ಓದಿ.

ಲಿಥಿಯಂ ಒಳ್ಳೆಯ ಔಷಧಿ, ಎಷ್ಟೋ ಜನ ಅದರಿಂದ ಸಂಸಾರ ಮಾಡಿಕೊಂಡು ಚೆನ್ನಾಗಿದ್ದಾರೆ. ಆದರೆ ಅದರಲ್ಲಿ ಔಷಧಿಯ ಅಳತೆಗೂ ವಿಷದ ಅಳತೆಗೂ ಅಂತರ ತುಂಬಾ ಕಡಿಮೆ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ಅಪಾಯ. ಅದು ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ದಾರಿಯಲ್ಲಿ. ಊಟದಲ್ಲಿ ಉಪ್ಪು ಇಲ್ಲ ಅಂದರೆ ಕಿಡ್ನಿ ಇರುವ ಉಪ್ಪನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತೆ, ಜೊತೆಗೆ ಲಿಥಿಯಮ್ಮನ್ನೂ ಹಿಡಿದುಕೊಳ್ಳುತ್ತೆ. ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಮಟ್ಟ ಏರುತ್ತಾ ಹೋಗುತ್ತೆ. ಭೇದಿಯಿಂದ ನೀರಿನಂಶ ಕಡಿಮೆಯಾದರೆ ಇನ್ನೂ ಬೇಗ ಏರುತ್ತೆ. ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಗೊಂಡರೂ ಏರುತ್ತೆ. ಮನೆಯವರು ಅಂಥ ಮಾತ್ರೆ ಕೊಟ್ಟಿದ್ದಾರಾ ಅನ್ನೋದನ್ನೂ ಕೇಳಿ.

ಲಿಥಿಯಂ ತಗೊಳ್ಳುವವರಿಗೆ ಬೆರಳ ತುದಿಯಲ್ಲಿ ಸಣ್ಣ ನಡುಕ ಇರುವುದುಂಟು, ಮಾತ್ರೆಯಿಂದ ಹಾಗೆ ಆಗುತ್ತೆ ಅಂದವರ ತಲೆಯಲ್ಲಿ ಅದೇ ಇರಬೇಕು. ನೀವು ಹೇಳುತ್ತಿರುವುದು ಬೇರೆ. ಲೋಟ ಹಿಡಿಯಲಾಗದ ನಡುಕ, ವಾಲಾಟ, ಭೇದಿ ಮೂರೂ ಸೇರಿದರೆ ಮುಂದೆ ಮಾತು ತೊದಲುತ್ತೆ, ಮಂಪರು ಬರುತ್ತೆ, ಫಿಟ್ಸ್ ಬರಬಹುದು, ಕಿಡ್ನಿ ಕೈಕೊಡಬಹುದು. ರಕ್ತದ ಪರೀಕ್ಷೆ ಮಾಮೂಲಿಗೆ ಕೊನೆಯ ಡೋಸ್ ಆಗಿ 12 ಗಂಟೆಗೆ ಮಾಡುತ್ತಾರೆ, ಇಂಥ ಅನುಮಾನ ಇದ್ದಾಗ ಕಾಯುವುದಿಲ್ಲ.

ಹೇಳುವ ರೀತಿಯೂ ಮುಖ್ಯ. "ಯಾಕೋ ಸರಿ ಇಲ್ಲ ಸಿಸ್ಟರ್" ಅಂದರೆ ಯಾರೂ ಎದ್ದು ಬರಲ್ಲ. "ನಿನ್ನೆ ಬೆಳಿಗ್ಗೆಯಿಂದ ಎರಡೂ ಕೈ ನಡುಗುತ್ತಿದೆ, ಇಷ್ಟು ಸಲ ಭೇದಿ ಆಗಿದೆ, ಇಷ್ಟು ದಿನದಿಂದ ಉಪ್ಪಿಲ್ಲದ ಊಟ, ಲಿಥಿಯಂ ಮೇಲಿದ್ದಾರೆ, ರಾತ್ರಿ ಡೋಸ್ ಕೊಡುವ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ" ಅನ್ನಿ. ರಿಜಿಸ್ಟರ್‌ನಲ್ಲಿ ಬರೆಸಿ. ಅವರು ಕೇಳಲಿಲ್ಲ ಅಂದರೆ ನೀವೇ ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ. ನೀವಾಗೇ ಉಪ್ಪು ನೀರು ಕುಡಿಸಲು ಹೋಗಬೇಡಿ.

ಬರೀ ಅಟೆಂಡರ್ ಅಂತ ಬರೆದಿದ್ದೀರಿ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಆ ಮನುಷ್ಯ ಮಂಚದ ಮೇಲೆ ಕೂತಿರುತ್ತಾರೆ. ಲೋಟ ಹಿಡಿಯುವುದು, ಬಾತ್‌ರೂಮಿಗೆ ನಡೆಯುವುದು, ಕ್ಯಾರಿಯರ್‌ನಲ್ಲಿ ಏನು ಬಂತು ಅನ್ನೋದು ಕಾಣುವುದು ನಿಮಗೆ. ಅದನ್ನು ಹೇಳಲೆಂದೇ ನಿಮ್ಮನ್ನು ಇಟ್ಟಿರುವುದು.

ಹೊಸ ಅಟೆಂಡರ್: ಹೋಗುತ್ತಿದ್ದೇನೆ ಸಿಸ್ಟರ್.

ವೇಮಗಲ್ ಅಣ್ಣ: ಇಂಗ್ಲಿಷ್ ಮಾತ್ರೆಗಳೇ ಹೀಗೆ. ಒಂದೆಲಗದ ರಸ 48 ದಿನ ಖಾಲಿ ಹೊಟ್ಟೆಗೆ ಕುಡಿದು ಮಾತ್ರೆ ಬಿಟ್ಟರೆ ಹುಚ್ಚು ಪೂರ್ತಿ ವಾಸಿ. ಫಿಟ್ಸ್‌ಗೆ ಕಬ್ಬಿಣದ ಕೀ ಹಿಡಿಸಿ. ಶೇರ್ ಮಾಡಿ, ಒಂದು ಜೀವ ಉಳಿಸಿ.

ಸಿಸ್ಟರ್: ಮಾತ್ರೆ ಬಿಡಿ ಅನ್ನುವ ಸಾಲನ್ನು ಅಳಿಸಿ. ಒಂದೆಲಗದ ಚಟ್ನಿ ಮಾಡಿ ತಿನ್ನಿ, ಯಾರೂ ಬೇಡ ಅನ್ನಲ್ಲ. ಮಾತ್ರೆ ಪಟ್ಟಂತ ನಿಲ್ಲಿಸಿ ವಾಪಸ್ ಅಡ್ಮಿಟ್ ಆಗುವವರನ್ನು ನೋಡಿ ನೋಡಿ ಸಾಕಾಗಿದೆ. ಫಿಟ್ಸ್ ಬಂದಾಗ ಕೀ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಬಾಯಿಗೆ ಏನೂ ತುರುಕಬೇಡಿ, ಮಗ್ಗುಲಿಗೆ ಮಲಗಿಸಿ, ಟೈಮ್ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಚಿಂತಾಮಣಿ ಅಕ್ಕ: ನಮ್ಮ ಯಜಮಾನರಿಗೆ ಕುಡಿತ ಬಿಡಿಸಲು ಊಟದಲ್ಲಿ ಗೊತ್ತಾಗದ ಹಾಗೆ ಹಾಕುವ ಪುಡಿ ಸಿಗುತ್ತಂತೆ ಮೇಡಂ.

ಸಿಸ್ಟರ್: ಹಾಕಬೇಡಿ. ಕೆಲವು ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನುವ ಕುಡಿತ ಬಿಡಿಸುವ ಔಷಧಿ ಇರುತ್ತೆ, ಗೊತ್ತಿಲ್ಲದೆ ಮೇಲೆ ಕುಡಿದರೆ ಬಿಪಿ ಬಿದ್ದು ಪ್ರಾಣಕ್ಕೆ ಬರಬಹುದು. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೂ ಎರಡು ಮೂರು ದಿನಕ್ಕೆ ಫಿಟ್ಸ್, ಬಡಬಡಿಕೆ ಶುರುವಾಗಬಹುದು. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ವೇಮಗಲ್ ಅಣ್ಣ: ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ಲ ಅಂತನಾ? ಮೈಮೇಲೆ ಬಿದ್ದು ಹೊಡೆಯುವವನನ್ನು ನೀವು ಕಾಯ್ದೆ ಓದಿ ಸಮಾಧಾನ ಮಾಡುತ್ತೀರಾ? ಕಟ್ಟಿ ಹಾಕದೆ ಆಗಲ್ಲ. ನಮ್ಮೂರಲ್ಲಿ ಒಬ್ಬ ಮಚ್ಚು ಹಿಡಿದು ಓಡಾಡಿದ್ದ.

ಕೆಜಿಎಫ್ ತಂಗಿ: ನಮ್ಮಣ್ಣನನ್ನು ಕಂಬಕ್ಕೆ ಕಟ್ಟಿದ್ದರು ಅಣ್ಣ. ಅವನು ಯಾರಿಗೂ ಹೊಡೆದಿರಲಿಲ್ಲ, ರಾತ್ರಿ ಹಾಡುತ್ತಿದ್ದ ಅಷ್ಟೇ. ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇನ್ನೂ ಇದೆ. ಈಗ ಮಾತ್ರೆ ತಗೊಂಡು ಬೆಳಿಗ್ಗೆ ಟ್ರೇನ್‌ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ.

ವೇಮಗಲ್ ಅಣ್ಣ: ನಿಮ್ಮಣ್ಣನ ವಿಷಯ ನಾನು ಹೇಳಿಲ್ಲ. ಎಲ್ಲರೂ ಹಾಗಿರಲ್ಲ.

ಮಾಲೂರಿನವನು: ಅಣ್ಣ ಹೇಳೋದು ಸರಿ. ನೈಟ್ ಡ್ಯೂಟಿಗೆ ಒಬ್ಬನೇ ಇದ್ದರೆ ಅಟೆಂಡರ್ ಇನ್ನೇನು ಮಾಡಬೇಕು?

ಕೆಜಿಎಫ್ ತಂಗಿ: ನಿಮ್ಮನ್ನೇ ಒಂದು ರಾತ್ರಿ ಕಟ್ಟಿದರೆ ಗೊತ್ತಾಗುತ್ತೆ.

ಮಾಲೂರಿನವನು: ಮಾತಿನ ಮೇಲೆ ಹಿಡಿತ ಇರಲಿ.

ಸಿಸ್ಟರ್: 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸತ್ತರು, 28 ಜನ. ಈಗ ಸರಪಳಿ ಹಾಕುವುದು ಕಾನೂನಿನಲ್ಲಿ ಪೂರ್ತಿ ನಿಷೇಧ. ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಬೇಕಾದರೆ ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಬೇಕು, ಕಾರಣ ಫೈಲ್‌ನಲ್ಲಿ ಬರೆದಿರಬೇಕು, ರೋಗಿಯ ನಾಮಿನಿಗೆ (ರೋಗಿಯ ಪರವಾಗಿ ನೇಮಕವಾದ ವ್ಯಕ್ತಿಗೆ) 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆ ಕಟ್ಟುವ ಹಾಗಿಲ್ಲ. ಸ್ಟಾಫ್ ಕಡಿಮೆ ಅಂತಲೂ ಕಟ್ಟುವ ಹಾಗಿಲ್ಲ. ಮಾಲೂರಿನವರೇ, ಒಬ್ಬರೇ ಇದ್ದರೆ ಮುಟ್ಟಲು ಹೋಗಬೇಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಒಂದು ತೋಳಿಗಿಂತ ದೂರ, ಸ್ವಲ್ಪ ಓರೆಯಾಗಿ ನಿಂತು ಮೆಲ್ಲಗೆ ಮಾತಾಡಿ. ಬೇರೆ ರೋಗಿಗಳನ್ನು ಆಚೆ ಕಳಿಸಿ, ಜನ ಕರೆಯಿರಿ. ಹಿಡಿಯಲೇಬೇಕಾಗಿ ಬಂದರೂ ಬೋರಲು ಕೆಡವಿ ಬೆನ್ನ ಮೇಲೆ ಕೂರಬೇಡಿ, ಉಸಿರು ನಿಂತು ಹೋಗುತ್ತೆ.

ಟೇಕಲ್ ಗೃಹಿಣಿ: ನನಗೆ 43 ವರ್ಷ. ಆಯಾ ಕೆಲಸಕ್ಕೆ ತಗೊಳ್ಳುತ್ತಾರಾ?

ಮುಳಬಾಗಿಲು ಬಿಎ: ಈ ವಾರ್ಡ್‌ಗೆ ಹೋದರೆ ಸಂಬಂಧ ಬರಲ್ಲ ಅಂತ ಅಮ್ಮ ಅಳುತ್ತಿದ್ದಾರೆ ಮೇಡಂ, ಏನು ಹೇಳಲಿ?

ವೇಮಗಲ್ ಅಣ್ಣ: ಅಮ್ಮ ಹೇಳಿದ್ದು ಕೇಳಮ್ಮ.

ಕೆಜಿಎಫ್ ತಂಗಿ: ಅಡ್ಮಿನ್, ಇವರನ್ನು ಗುಂಪಿನಿಂದ ತೆಗೆಯಿರಿ. ಇಲ್ಲ ಅಂದರೆ ನಾನೇ ಹೋಗುತ್ತೇನೆ.

ಬಂಗಾರಪೇಟೆ ಹುಡುಗ: ಅಂದಾಜು ಸಂಬಳ ಆದರೂ ಹೇಳಿ ಮೇಡಂ.

ಸಿಸ್ಟರ್: ಎಷ್ಟು ಸಲ ಹೇಳಲಿ? ಅಲ್ಲಿಗೇ ಹೋಗಿ ಕೇಳಿ.

ಹೊಸ ಅಟೆಂಡರ್: ಸಿಸ್ಟರ್, ನೀವು ಹೇಳಿದ ಹಾಗೇ ಹೇಳಿದೆ. ಡಾಕ್ಟರ್ ಬಂದರು. ರಾತ್ರಿ ಡೋಸ್ ನಿಲ್ಲಿಸಿದರು, ರಕ್ತ ತೆಗೆದರು, ಡ್ರಿಪ್ ಹಾಕಿದ್ದಾರೆ. ರಿಪೋರ್ಟ್ ಇನ್ನೂ ಬಂದಿಲ್ಲ. ಊಟದ ವಿಷಯ ನೀನ್ಯಾಕೆ ಹೇಳಿದೆ ಅಂತ ಅವರ ಮನೆಯವರು ನನ್ನ ಮೇಲೆ ಕೂಗಾಡುತ್ತಿದ್ದಾರೆ.

ಸಿಸ್ಟರ್: ಒಳ್ಳೆಯ ಕೆಲಸ ಮಾಡಿದಿರಿ. ಮನೆಯವರ ಜೊತೆ ವಾದ ಬೇಡ, ಉಪ್ಪಿನ ವಿಷಯ ಡಾಕ್ಟರೇ ಅವರಿಗೆ ಹೇಳಲಿ. ಎಷ್ಟು ಗಂಟೆಗೆ, ಯಾರಿಗೆ ಹೇಳಿದಿರಿ ಅನ್ನೋದು ರಿಜಿಸ್ಟರ್‌ನಲ್ಲಿ ಇರಲಿ. ಬಾತ್‌ರೂಮಿಗೆ ಒಬ್ಬರನ್ನೇ ಬಿಡಬೇಡಿ, ಬೀಳುತ್ತಾರೆ. ಎಷ್ಟು ಮೂತ್ರ ಹೋಯಿತು ಅಂತ ಅಳೆದು ಬರೆಯಿರಿ. ಕರೆದಾಗ ಓಗೊಡುವುದು ತಡವಾದರೆ, ಮಾತು ಎಳೆದರೆ ಬೆಳಿಗ್ಗೆವರೆಗೆ ಕಾಯಬೇಡಿ, ಡಾಕ್ಟರನ್ನು ಮತ್ತೆ ಎಬ್ಬಿಸಿ.