ರಬೌಲ್ ಅನ್ನು ಅಮೆರಿಕ ಬಿಟ್ಟು ಹೋಗಿದ್ದೇಕೆ?

ಪ್ರಶ್ನೆ:
ಎರಡು ವಾರದಿಂದ ಎರಡನೇ ಮಹಾಯುದ್ಧದ ಪೆಸಿಫಿಕ್ ರಣರಂಗದ ಭೂಪಟ ಹರಡಿಕೊಂಡು ಕೂತಿದ್ದೇನೆ. ಗ್ವಾಡಲ್‌ಕೆನಾಲ್, ತರಾವಾ, ಸೈಪಾನ್, ಇವೋಜಿಮಾ ಅಂತ ಅಮೆರಿಕ ಗೆದ್ದ ದ್ವೀಪಗಳನ್ನು ಜೋಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಬಂದೆ. ರಬೌಲ್‌ನಲ್ಲಿ (ನ್ಯೂಗಿನಿ ಪಕ್ಕದ ದ್ವೀಪದಲ್ಲಿದ್ದ ಜಪಾನಿ ನೆಲೆ) ಸುಮಾರು 1 ಲಕ್ಷ ಜಪಾನೀಯರಿದ್ದರು. ಅಷ್ಟು ದೊಡ್ಡ ನೆಲೆಯನ್ನು ಗೆಲ್ಲದೆ ಬೆನ್ನ ಹಿಂದೆ ಬಿಟ್ಟು ಹೋಗುವುದು ಅಪಾಯ ಅಲ್ವಾ?

ಉತ್ತರ 1:
ಹಡಗು, ವಿಮಾನ ಇಲ್ಲದ ಸೈನ್ಯ ದ್ವೀಪ ಬಿಟ್ಟು ಎಲ್ಲಿಗೆ ಹೋದೀತು? ಹತ್ತಿರದ ಬೋಗನ್‌ವಿಲ್ ದ್ವೀಪದಲ್ಲಿ ರನ್‌ವೇ ಮಾಡಿಕೊಂಡು ಅಮೆರಿಕನ್ನರು ರಬೌಲ್ ಮೇಲೆ ಬಾಂಬ್ ಹಾಕುತ್ತಲೇ ಇದ್ದರು. 1944ರ ಫೆಬ್ರವರಿಯಲ್ಲಿ ಜಪಾನ್ ತನ್ನ ಹೆಚ್ಚಿನ ವಿಮಾನಗಳನ್ನು ಅಲ್ಲಿಂದ ತೆಗೆದುಬಿಟ್ಟಿತು. ಉಳಿದವರು ತರಕಾರಿ ಬೆಳೆದುಕೊಂಡು, ಸುರಂಗ ತೋಡಿಕೊಂಡು 1945ರವರೆಗೆ ಅಲ್ಲೇ ಇದ್ದರು.

ಉತ್ತರ 2:
ನಿಮ್ಮ ಗೆರೆಯಲ್ಲಿ ತರಾವಾ ಇದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. 1943ರ ನವೆಂಬರ್ 20. ನೀರು ಇಳಿದಿತ್ತು, ಅಮೆರಿಕನ್ ಸೈನಿಕರ ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಹುಡುಗರು ಎದೆಮಟ್ಟದ ನೀರಲ್ಲಿ, ಗುಂಡಿನ ಮಳೆಯಲ್ಲಿ ನಡೆದರು. ಮೂರೇ ದಿನದಲ್ಲಿ ಅಮೆರಿಕದ ಸುಮಾರು 1,000 ಜನ ಸತ್ತರು. ಜಪಾನಿ ಪಡೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಒಂದು ಪುಟ್ಟ ದ್ವೀಪಕ್ಕೇ ಇಷ್ಟು ಬೆಲೆ. ರಬೌಲ್ ಆಗಿದ್ದರೆ? ನನಗೆ ಯೋಚಿಸಲೂ ಸಂಕಟ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು. ಸೈಪಾನ್‌ನಿಂದ ಟೋಕಿಯೋಗೆ ಅಳೆದೆ, ಸುಮಾರು 2,400 ಕಿ.ಮೀ. ಅಮೆರಿಕದ ಬಿ-29 ಬಾಂಬರ್ ವಿಮಾನ ಹೋಗಿ ಬರುವ ದೂರ. ರಬೌಲ್ ಆ ದಾರಿಯಲ್ಲೇ ಇಲ್ಲ!