ಡಿಸ್ಪ್ಯಾಚರ್‌ಗಳ ಸಂಘದ ಚುನಾವಣೆ: ನೀವು ಏನು ನೋಡಿ ಓಟು ಹಾಕುತ್ತೀರಿ?

ನಮಸ್ಕಾರ. ನಾನು ಅಮೆರಿಕದ ಒಂದು ಕೌಂಟಿಯಲ್ಲಿ 911 ಡಿಸ್ಪ್ಯಾಚರ್. ಊರಲ್ಲಿ ಅಮ್ಮನಿಗೆ "108ಕ್ಕೆ ಫೋನ್ ಮಾಡಿದರೆ ಆ ಕಡೆಯಿಂದ ಮಾತಾಡ್ತಾರಲ್ಲ, ಅಂಥ ಕೆಲಸ" ಅಂತ ಹೇಳಿದ್ದೇನೆ. ಸೇರಿ ನಾಲ್ಕು ವರ್ಷ ಆಯಿತು. ಹೋದ ವರ್ಷ ಆಪ್ಕೋ ಅನ್ನುವ, ತುರ್ತು ಕರೆ ಮತ್ತು ರೇಡಿಯೋ ಕೆಲಸದವರ ಸಂಘದ ಸದಸ್ಯಳಾದೆ. ಈಗ ಎರಡನೇ ಉಪಾಧ್ಯಕ್ಷರ ಸ್ಥಾನಕ್ಕೆ ಓಟು ಹಾಕಬೇಕು. ಅಭ್ಯರ್ಥಿಗಳ ಪರಿಚಯ ಎರಡು ಸಲ ಓದಿದೆ. ಎಲ್ಲರಿಗೂ ಇಪ್ಪತ್ತು ವರ್ಷದ ಮೇಲೆ ಸರ್ವೀಸ್, ಎಲ್ಲರೂ ಸಿಬ್ಬಂದಿ ಕೊರತೆ ಬಗ್ಗೆ ಬರೆದಿದ್ದಾರೆ, ಎಲ್ಲರೂ ಒಳ್ಳೆಯವರ ಥರಾನೇ ಕಾಣುತ್ತಾರೆ. ಸುಮ್ನೆ ಯಾರಿಗೋ ಒತ್ತಲು ಮನಸ್ಸಿಲ್ಲ. ಇಂಥ ಸಂಘಗಳಲ್ಲಿ ಓಟು ಹಾಕಿದವರು, ನಿಂತವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ.

ಸೂಪರ್‌ವೈಸರ್, 16 ವರ್ಷದ ಡ್ಯೂಟಿ

ಮೊದಲು ಒಂದು ಮಾತು. ಎರಡನೇ ಉಪಾಧ್ಯಕ್ಷ ತಾನೇ ಅಂತ ಹಗುರವಾಗಿ ತಗೋಬೇಡಿ. ಆಪ್ಕೋದಲ್ಲಿ ಈಗ ಗೆದ್ದವರು ಮುಂದಿನ ವರ್ಷ ಮೊದಲನೇ ಉಪಾಧ್ಯಕ್ಷರಾಗುತ್ತಾರೆ, ಅದರ ಮುಂದಿನ ವರ್ಷ ಅಧ್ಯಕ್ಷರಾಗುತ್ತಾರೆ, ಆಮೇಲೆ ಮಾಜಿ ಅಧ್ಯಕ್ಷರಾಗಿ ಇನ್ನೊಂದು ವರ್ಷ ಕಾರ್ಯಕಾರಿ ಸಮಿತಿಯಲ್ಲೇ ಇರುತ್ತಾರೆ. ಇನ್ನೊಂದು ದೊಡ್ಡ ಸಂಘ ನೀನಾದಲ್ಲೂ ಇದೇ ಏಣಿ. ಅಂದರೆ ನೀವು ಈಗ ಆರಿಸುತ್ತಿರುವುದು ಎರಡು ವರ್ಷ ಬಿಟ್ಟು ಬರುವ ಅಧ್ಯಕ್ಷರನ್ನು. ಈ ವರ್ಷ ಏನು ಹೇಳುತ್ತಾರೆ ಅನ್ನುವುದಕ್ಕಿಂತ ನಾಲ್ಕು ವರ್ಷ ನಿಲ್ಲುತ್ತಾರಾ ಅನ್ನುವುದು ದೊಡ್ಡದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಮ್ಮ ರಾಜ್ಯದ ಒಂದು ಸಣ್ಣ ಸಂಘದಲ್ಲಿ ಮೊದಲ ಸಲ ಓಟು ಹಾಕಿದಾಗ, ಚೆನ್ನಾಗಿ ಮಾತಾಡಿದವರಿಗೆ ಹಾಕಿದೆ. ಮನುಷ್ಯ ಒಳ್ಳೆಯವರೇ. ಆದರೆ ಕೆಲವೇ ತಿಂಗಳಲ್ಲಿ ಅವರ 911 ಕೇಂದ್ರದಲ್ಲಿ ನಾಲ್ಕು ಜನ ಕೆಲಸ ಬಿಟ್ಟರು, ಇವರನ್ನು ಮತ್ತೆ ಕಾಲ್ ಎತ್ತುವ ಕುರ್ಚಿಯಲ್ಲಿ ಕೂರಿಸಿದರು, ಮೀಟಿಂಗಿಗೆ ರಜೆ ಸಿಗಲಿಲ್ಲ, ನಾವು ಕಾಯುತ್ತಿದ್ದ ತರಬೇತಿ ಹಣದ ಅರ್ಜಿ ಗಡುವು ದಾಟಿ ಹೋಯಿತು. ಅವರ ತಪ್ಪಲ್ಲ, ಸಂಬಳ ಇಲ್ಲದ ಹುದ್ದೆ ಅದು. ಆದರೆ "ನಿಮ್ಮ ಆಫೀಸು ಒಪ್ಪಿದೆಯಾ, ನಾಲ್ಕು ವರ್ಷವೂ ಒಪ್ಪುತ್ತದಾ, ನಡುವೆ ನಿವೃತ್ತಿ ಇದೆಯಾ" ಅಂತ ನಾವು ಯಾರೂ ಕೇಳಿರಲಿಲ್ಲ. ಈಗ ನಾನು ಮೊದಲು ಕೇಳುವುದೇ ಅದನ್ನು.

ಎರಡನೆಯದು, ಭಾಷಣ ಬಿಟ್ಟು ಸಮಿತಿ ಕೆಲಸ ನೋಡಿ. ಯಾವ ಸಮಿತಿಯಲ್ಲಿದ್ದರು ಅನ್ನುವುದು ಪರಿಚಯದಲ್ಲೇ ಇರುತ್ತದೆ. ಅಲ್ಲಿಂದ ಹೊರಬಂದದ್ದು ಏನು? ತರಬೇತಿಯ ಮಾನದಂಡವಾ, ಒಂದು ಕರಡಾ, ಬರೀ ಹೆಸರಾ? ಅದೇ ಸಮಿತಿಯಲ್ಲಿದ್ದ ಇನ್ನೊಬ್ಬರಿಗೆ ಮೇಲ್ ಹಾಕಿ ಕೇಳಿ. ನಮ್ಮವರು ನೇರವಾಗಿ ಹೇಳುತ್ತಾರೆ.

ಇನ್ನು ಪ್ರಶ್ನೆ ಕೇಳುವಾಗ "ನಮ್ಮ ಗೌರವಕ್ಕಾಗಿ ಏನು ಮಾಡುತ್ತೀರಿ" ಅಂತ ಕೇಳಬೇಡಿ. ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ವರ್ಗೀಕರಣದ ಬಗ್ಗೆ ಕೇಳಿ. ಅಮೆರಿಕದ ಕೇಂದ್ರ ಸರ್ಕಾರದ ಉದ್ಯೋಗ ಪಟ್ಟಿಯಲ್ಲಿ ನಾವು ಆಫೀಸಿನ ಗುಮಾಸ್ತರ ಗುಂಪಿನಲ್ಲಿದ್ದೆವು. 2018ರ ಪರಿಷ್ಕರಣೆಯಲ್ಲಿ ನಮ್ಮ ಹುದ್ದೆಯ ಹೆಸರು ಬದಲಾಯಿಸಿದರು, ಗುಂಪು ಬದಲಾಯಿಸಲಿಲ್ಲ. ಪೊಲೀಸರು, ಅಗ್ನಿಶಾಮಕದವರು ರಕ್ಷಣಾ ಸೇವೆಯ ಗುಂಪಿನಲ್ಲಿದ್ದಾರೆ, ಸರಿ. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರೂ ಅಲ್ಲೇ ಇದ್ದಾರೆ, ಅದೂ ಸರಿ, ಅವರದೂ ಕಾಯುವ ಕೆಲಸವೇ. ಹಾಗಾದರೆ ಗಂಡನ ಎದೆ ಒತ್ತಲು ಒಬ್ಬ ಹೆಂಗಸಿಗೆ ಫೋನಿನಲ್ಲಿ ಎಣಿಸಿ ಎಣಿಸಿ ಹೇಳಿಕೊಡುವ ನಾವು ಯಾಕೆ ಅಲ್ಲಿಲ್ಲ? ಇದನ್ನು ಸರಿಮಾಡುವ ಮಸೂದೆಯನ್ನು 2019ರಲ್ಲಿ ಮಂಡಿಸಿದರು, ಆಮೇಲೂ ಮತ್ತೆ ಮಂಡಿಸಬೇಕಾಯಿತು. ಅಭ್ಯರ್ಥಿ ಇದಕ್ಕಾಗಿ ಯಾವ ಜನಪ್ರತಿನಿಧಿಯ ಬಾಗಿಲಿಗೆ ಹೋಗಿದ್ದಾರೆ, ತನ್ನ ರಾಜ್ಯದಲ್ಲಿ ಏನು ಮಾಡಿದ್ದಾರೆ ಅಂತ ಕೇಳಿ. ಟೆಕ್ಸಾಸ್ 2019ರಲ್ಲೇ ಕಾನೂನು ಮಾಡಿ ಡಿಸ್ಪ್ಯಾಚರ್‌ಗಳನ್ನು ಪೊಲೀಸ್, ಅಗ್ನಿಶಾಮಕದವರ ಥರ ತುರ್ತಿಗೆ ಮೊದಲು ಸ್ಪಂದಿಸುವವರ ಪಟ್ಟಿಗೆ ಸೇರಿಸಿತು. ರಾಜ್ಯದ ಮಟ್ಟದಲ್ಲಿ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಕ್ಯಾಲಿಫೋರ್ನಿಯಾ, 9 ವರ್ಷ

ನಾನು ಭಾಷೆಯ ಬಗ್ಗೆ ಕೇಳುತ್ತೇನೆ. ನಾವು ಕನ್ನಡದವರಿಗೆ ಇದು ಬೇಗ ಅರ್ಥ ಆಗುತ್ತದೆ ಅಲ್ವಾ, ಗಾಬರಿಯಲ್ಲಿ ಬಾಯಿಗೆ ಬರುವುದು ತಾಯಿಭಾಷೆ. ಆ 2019ರ ಮಸೂದೆ ತಂದ ಸಂಸದೆ ನಾರ್ಮಾ ಟೊರೆಸ್ ಸ್ವತಃ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ 911 ಡಿಸ್ಪ್ಯಾಚರ್ ಆಗಿದ್ದವರು. ಸ್ಪ್ಯಾನಿಷ್ ಬಲ್ಲವರು ಸಾಲದೆ ಕಾದಿದ್ದ ಒಂದು ಕಾಲ್ ಕೊನೆಗೆ ಅವರಿಗೆ ಬಂತು. ಆ ಕಾಲ್‌ನಲ್ಲೇ 11 ವರ್ಷದ ಹುಡುಗಿಯ ಕೊಲೆ ಆಯಿತು. ಅವರು ಹೆಡ್‌ಸೆಟ್ ಇಳಿಸಿ ಮನೆಗೆ ಹೋಗಿ ಸುಮ್ಮನಾಗಲಿಲ್ಲ, ಎರಡು ಭಾಷೆ ಬಲ್ಲವರನ್ನು ಜಾಸ್ತಿ ತಗೊಳ್ಳಿ ಅಂತ ಹೋರಾಡಿದರು, ಅಲ್ಲಿಂದ ರಾಜಕೀಯಕ್ಕೆ ಬಂದರು. ಅಭ್ಯರ್ಥಿಯಲ್ಲಿ ನಾನು ಹುಡುಕುವುದು ಅದನ್ನೇ. ಒಂದು ಕಾಲ್ ಅವರನ್ನು ಕಾಡಿರಬೇಕು, ಅದರಿಂದ ಅವರು ಏನಾದರೂ ಬದಲಾಯಿಸಿರಬೇಕು.

ರಾತ್ರಿ ಪಾಳಿ, 6 ವರ್ಷ

ನನ್ನದು ಒಂದೇ ಪ್ರಶ್ನೆ. ನೀನಾ ಮಾನದಂಡದ ಪ್ರಕಾರ 911 ಕಾಲ್‌ಗಳಲ್ಲಿ ಶೇ 90ರಷ್ಟನ್ನು 15 ಸೆಕೆಂಡಿನೊಳಗೆ ಎತ್ತಬೇಕು. ಎಂಟು ಕುರ್ಚಿಯಲ್ಲಿ ಐದು ಮಾತ್ರ ತುಂಬಿರುವ ರಾತ್ರಿ, 12 ಗಂಟೆ ಮುಗಿಸಿದವಳನ್ನೇ ಇನ್ನೂ ನಾಲ್ಕು ಗಂಟೆ ಕೂರಿಸಿ ಆ ಅಂಕಿ ಮುಟ್ಟುತ್ತಾರೆ. ನಿಮ್ಮ ಸ್ವಂತ ಕೇಂದ್ರದಲ್ಲಿ ಕಡ್ಡಾಯ ಓವರ್‌ಟೈಮ್ ಎಷ್ಟಿದೆ, ಅದನ್ನು ಇಳಿಸಲು ಏನು ಮಾಡಿದಿರಿ ಅಂತ ಇಬ್ಬರಿಗೆ ಮೇಲ್ ಹಾಕಿದ್ದೆ. ಒಬ್ಬರು ಕರಪತ್ರ ಕಳಿಸಿದರು. ಇನ್ನೊಬ್ಬರು ರಾತ್ರಿ ಹನ್ನೊಂದಕ್ಕೆ ಉದ್ದ ಉತ್ತರ ಬರೆದರು, ಎಲ್ಲಿ ಸೋತೆ ಅಂತಲೂ ಬರೆದಿದ್ದರು. ಓಟು ಅವರಿಗೇ ಹಾಕಿದೆ.

ರೇಡಿಯೋ ವಿಭಾಗ

ಹೆಡ್‌ಸೆಟ್ ಹಾಕದವರು ಬೇಡವೇ ಬೇಡ ಅಂತ ಹೋಗಬೇಡಿ. ಆಪ್ಕೋ 1935ರಲ್ಲಿ ಶುರುವಾದದ್ದೇ ಪೊಲೀಸ್ ರೇಡಿಯೋ ಕೆಲಸದವರಿಂದ. ಬೇರೆ ಬೇರೆ ಇಲಾಖೆಗಳ ರೇಡಿಯೋಗಳು ಒಂದಕ್ಕೊಂದು ಮಾತಾಡುವಂತೆ ಮಾಡಲು ಕೂತವರಲ್ಲಿ ಎಷ್ಟೋ ಜನ ಒಂದು ಕಾಲ್ ಕೂಡ ಎತ್ತಿದವರಲ್ಲ. ಆದರೆ ಒಂದನ್ನು ಬಿಡದೆ ಕೇಳಿ: ಉಪಕರಣ, ಸಾಫ್ಟ್‌ವೇರ್ ಮಾರುವ ಕಂಪನಿಗಳ ಜೊತೆ ನಿಮಗೆ ಹಣದ ಸಂಬಂಧ ಇದೆಯಾ? ಸಮ್ಮೇಳನಗಳಲ್ಲಿ ಅವರ ಮಳಿಗೆ ಇರುತ್ತದೆ, ಅದರಲ್ಲಿ ತಪ್ಪಿಲ್ಲ. ಅಧ್ಯಕ್ಷರಾಗುವವರು ನಾಳೆ ಅಲ್ಲೇ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದರೆ ಅದು ಸದಸ್ಯರಿಗೆ ಮೊದಲೇ ಗೊತ್ತಾಗಬೇಕು.

ಕೇಳಿದವಳು

ತುಂಬಾ ಥ್ಯಾಂಕ್ಸ್. ಎರಡನೇ ಉಪಾಧ್ಯಕ್ಷರೇ ಮುಂದೆ ಅಧ್ಯಕ್ಷರಾಗುತ್ತಾರೆ ಅನ್ನುವುದು ನಿಜಕ್ಕೂ ಗೊತ್ತಿರಲಿಲ್ಲ. ಆಫೀಸಿನ ಒಪ್ಪಿಗೆ, ಓವರ್‌ಟೈಮ್, ವರ್ಗೀಕರಣ, ಈ ಮೂರನ್ನು ಬರೆದು ಎಲ್ಲ ಅಭ್ಯರ್ಥಿಗಳಿಗೂ ಇವತ್ತು ಪಾಳಿ ಮುಗಿದ ಮೇಲೆ ಕಳಿಸುತ್ತೇನೆ. ಭಾಷೆಯ ಪ್ರಶ್ನೆಯನ್ನೂ ಸೇರಿಸುತ್ತೇನೆ. ಹೋದ ತಿಂಗಳು ತೆಲುಗು ಮಾತಾಡುವ ಒಬ್ಬ ಅಜ್ಜಿ ಕಾಲ್ ಮಾಡಿದ್ದರು. ದುಭಾಷಿ ಸಿಗುವ ತನಕ ನನಗೆ ಬರುವ ಹರಕು ತೆಲುಗಿನಲ್ಲೇ "ಬಾಗಿಲು ತೆಗೆದಿಡಿ ಅಮ್ಮ" ಅಂತ ಹೇಳುತ್ತಾ ಇದ್ದೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.