ಅಕ್ಟೋಬರ್‌ನಲ್ಲಿ ಕೆನ್ಯಾ, ಜಾಂಜಿಬಾರ್: ಹಳದಿ ಜ್ವರದ ಲಸಿಕೆ ನಿಜಕ್ಕೂ ಬೇಕಾ?

ಜಯನಗರ_ನಾಲ್ಕನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 18ಕ್ಕೆ ಬೆಂಗಳೂರಿನಿಂದ ಆಡಿಸ್ ಅಬಾಬಾ ಮೇಲೆ ನೈರೋಬಿಗೆ ಹೊರಟಿದ್ದೇವೆ. ಅಲ್ಲಿಂದ ಮಸಾಯಿ ಮಾರಾ ಅಭಯಾರಣ್ಯ, ಆಮೇಲೆ 3 ರಾತ್ರಿ ಜಾಂಜಿಬಾರ್, 26ಕ್ಕೆ ಜಾಂಜಿಬಾರ್‌ನಿಂದಲೇ ಮತ್ತೆ ಆಡಿಸ್ ಮೇಲೆ ವಾಪಸ್. ನಾವು ಗಂಡ ಹೆಂಡತಿ, 7 ವರ್ಷದ ಮಗ, 67 ವರ್ಷದ ಅತ್ತೆ (ಬಿಪಿ ಮಾತ್ರೆ ತಗೋತಾರೆ), ನಾದಿನಿ ಮತ್ತು ಅವಳ ಕೂಸು. ಹೊರಡುವ ಹೊತ್ತಿಗೆ ಕೂಸಿಗೆ 7 ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತೆ.

ಏಜೆಂಟ್ "ಭಾರತೀಯರಿಗೆ ಕೆನ್ಯಾದವರು ಹಳದಿ ಜ್ವರದ ಲಸಿಕೆ ಕೇಳಲ್ಲ, ಸುಮ್ಮನೆ ಖರ್ಚು" ಅಂತಾರೆ. ಪರಿಚಯದವರು ಇಲ್ಲದಿದ್ದರೆ ಕೂಡಿಹಾಕ್ತಾರೆ ಅಂತಾರೆ. ಯಾವುದು ನಿಜ? ವೀಸಾ, ಮಲೇರಿಯಾ ಮಾತ್ರೆ, ಕಸ್ಟಮ್ಸ್ ಬಗ್ಗೆಯೂ ಗೊತ್ತಿದ್ದವರು ತಿಳಿಸಿ. ಇನ್ನು ಐದು ವಾರ ಇದೆ.

ಹಳದಿ_ಪುಸ್ತಕ

ಇಬ್ಬರು ಹೇಳಿದ್ದೂ ನಿಜ. ಏಜೆಂಟ್ ಹೋಗುವ ದಾರಿಯ ಮಾತು ಹೇಳಿದ್ದಾರೆ, ಪರಿಚಯದವರು ಬರುವ ದಾರಿಯದು.

ಹಳದಿ ಜ್ವರ ಇರುವ ದೇಶದಿಂದ ಬಂದವರಿಗೆ ಮಾತ್ರ ಕೆನ್ಯಾ ಲಸಿಕೆಯ ಪ್ರಮಾಣಪತ್ರ ಕೇಳುತ್ತೆ. ಭಾರತದಲ್ಲಿ ಆ ರೋಗ ಇಲ್ಲ, ಹಾಗಾಗಿ ಇಲ್ಲಿಂದ ನೇರ ಹೋದವರನ್ನು ಕೇಳಬೇಕಿಲ್ಲ. ಆದರೆ ಕೆನ್ಯಾ ನಮ್ಮ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ನೀವು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಕೇಳುವವರು ನಮ್ಮವರೇ. ಆ ಪ್ರಮಾಣಪತ್ರದ ಹಳದಿ ಪುಸ್ತಕ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಹಳದಿ ಜ್ವರ ಹರಡುವುದು ಈಡಿಸ್ ಈಜಿಪ್ಟಿ ಸೊಳ್ಳೆ. ನಮ್ಮಲ್ಲಿ ಡೆಂಗಿ ಹರಡುವುದೂ ಅದೇ. ಸೊಳ್ಳೆ ಊರ ತುಂಬ ಇದೆ, ವೈರಸ್ ಮಾತ್ರ ಇನ್ನೂ ಬಂದಿಲ್ಲ. ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು, ಆ 6 ದಿನದ ಲೆಕ್ಕ ಅಲ್ಲಿಂದ ಬಂದದ್ದು.

ನಿಮ್ಮ ದಾರಿಯಲ್ಲಿ ಇನ್ನೊಂದು ಕಡೆಯೂ ಪುಸ್ತಕ ಬೇಕು. ಕೆನ್ಯಾದಿಂದ ಬಂದವರಿಂದ ತಾಂಜಾನಿಯಾ ಅದನ್ನು ಕೇಳುತ್ತೆ. ಜಾಂಜಿಬಾರ್ ತಾಂಜಾನಿಯಾಕ್ಕೆ ಸೇರಿದ್ದು, ಅಲ್ಲಿ ಇಳಿದ ತಕ್ಷಣ ತೋರಿಸಲು ಸಿದ್ಧವಾಗಿರಿ.

ಲಸಿಕೆ ಹಾಕಿಸಿದ 10 ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಅಕ್ಟೋಬರ್ 6ಕ್ಕೆ ಹಾಕಿಸಿದರೆ 16ರಿಂದ ಚಾಲ್ತಿ. ಅಷ್ಟು ಅಂಚಿಗೆ ಹೋಗಬೇಡಿ. ಲಸಿಕೆ ಪುಡಿಯ ರೂಪದಲ್ಲಿ ಬರುತ್ತೆ, ಒಂದು ಸೀಸೆಯಲ್ಲಿ ಹಲವು ಡೋಸ್, ನೀರು ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಕೇಂದ್ರಗಳು ಗೊತ್ತಾದ ದಿನ ಮಾತ್ರ, ಮುಂಗಡ ಸರದಿ ಇದ್ದವರಿಗೆ ಹಾಕುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಹಾಕಿಸಿ, ಮನೆ ಹತ್ತಿರದ ಕ್ಲಿನಿಕ್ಕಿನ ಚೀಟಿ ನಡೆಯಲ್ಲ. ಸರ್ಕಾರಿ ಕೇಂದ್ರದಲ್ಲಿ ಸಾಮಾನ್ಯವಾಗಿ 300 ರೂಪಾಯಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಆಯಿತು. 10 ವರ್ಷದ ಮಿತಿಯನ್ನು 2016ರ ಜುಲೈಯಲ್ಲೇ ತೆಗೆದಿದ್ದಾರೆ, ಹಳೇ ಪುಸ್ತಕವೂ ನಡೆಯುತ್ತೆ.

ಪುಸ್ತಕ ಕೈಗೆ ಬಂದ ಕೂಡಲೇ, ಆ ಕೌಂಟರಿನಿಂದ ಕದಲುವ ಮುಂಚೆ ಓದಿ ನೋಡಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ನಮ್ಮವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತೆ, ಕೇಂದ್ರದವರು ರೂಢಿಯಂತೆ "ಕೆ.ಆರ್." ಅಂತ ಗೀಚಿಬಿಡ್ತಾರೆ. ಪಾಸ್‌ಪೋರ್ಟ್ ನಂಬರು, ಲಸಿಕೆಯ ಬ್ಯಾಚ್ ನಂಬರು, ದಿನಾಂಕ, ವೈದ್ಯರ ಕೈಬರಹದ ಸಹಿ, ಕೇಂದ್ರದ ದುಂಡು ಮೊಹರು, ನಿಮ್ಮ ಸಹಿ, ಮಗನದಕ್ಕೆ ಅಪ್ಪ ಅಮ್ಮನ ಸಹಿ. ಹೊಡೆದುಹಾಕಿ ತಿದ್ದಿದ ಪುಸ್ತಕವನ್ನು ಅಸಿಂಧು ಅನ್ನಬಹುದು. ತಪ್ಪಾಗಿದ್ದರೆ ಅಲ್ಲೇ ಹೊಸದು ಬರೆಸಿಕೊಳ್ಳಿ.

ಶೀತಲ_ಪೆಟ್ಟಿಗೆ

ಮೇಲಿನದೆಲ್ಲ ಸರಿ. ಆದರೆ ನಿಮ್ಮ ಗುಂಪಿನಲ್ಲಿ ಮೂವರ ವಿಷಯ ಬೇರೆ.

ಇದು ಜೀವಂತ ವೈರಸ್‌ನ ಬಲಗುಂದಿಸಿ ಮಾಡಿದ ಲಸಿಕೆ, ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವುದು. ಮೊಟ್ಟೆ ತಿಂದರೆ ಜೋರು ಅಲರ್ಜಿ ಆಗುವವರಿಗೆ ಕೊಡುವುದಿಲ್ಲ. ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರಿಗೆ, ಕೀಮೋ ಅಥವಾ ಜಾಸ್ತಿ ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಬೇಡ.

ಅತ್ತೆಯವರಿಗೆ ಬಿಪಿ ತೊಡಕಲ್ಲ, ವಯಸ್ಸು ತೊಡಕು. 60 ದಾಟಿದವರಿಗೆ ಮೊದಲ ಸಲ ಹಾಕಿದಾಗ ಲಸಿಕೆಯ ವೈರಸ್ಸೇ ಒಳಾಂಗಗಳಿಗೆ ಏರುವ ತೊಂದರೆ ಅಪರೂಪಕ್ಕೆ ಆಗುತ್ತೆ, ಕಿರಿಯರಿಗಿಂತ ಅವರಲ್ಲಿ ಸಂಭವ ಹೆಚ್ಚು. ಹಾಕಲೇಬಾರದು ಅಂತಲ್ಲ. ಅವರನ್ನು ನೋಡುವ ಡಾಕ್ಟರ ಹತ್ತಿರ ಮಾತಾಡಿ, ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಕೇಂದ್ರಕ್ಕೆ ಹೋಗಿ. ಬೇಡ ಅಂದರೆ ವೈದ್ಯಕೀಯ ವಿನಾಯಿತಿ ಪತ್ರ ಬರೆಸಿಕೊಳ್ಳಬಹುದು, ಆದರೆ ಒಪ್ಪುವುದು ಬಿಡುವುದು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಬಿಟ್ಟದ್ದು. ಪತ್ರ ಇದ್ದ ಮಾತ್ರಕ್ಕೆ ಬಿಟ್ಟೇಬಿಡ್ತಾರೆ ಅಂದುಕೊಳ್ಳಬೇಡಿ.

ಇನ್ನು ಕೂಸು. 9 ತಿಂಗಳು ತುಂಬದೆ ಈ ಲಸಿಕೆ ಹಾಕುವುದಿಲ್ಲ. ಭಾರತದ ನಿಯಮದಲ್ಲಿ ವಿನಾಯಿತಿ ಇರುವುದು 6 ತಿಂಗಳೊಳಗಿನ ಮಕ್ಕಳಿಗೆ ಮಾತ್ರ. 7 ತಿಂಗಳ ಮಗು ಸರಿಯಾಗಿ ಆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೆ, ಲಸಿಕೆಯೂ ಇಲ್ಲ, ವಿನಾಯಿತಿಯೂ ಇಲ್ಲ. ನಾದಿನಿಯವರಿಗೂ ತೊಡಕಿದೆ. ಎದೆಹಾಲಿನ ಮೂಲಕ ಲಸಿಕೆಯ ವೈರಸ್ ಎಳೆಮಗುವಿಗೆ ದಾಟಿ ಮಿದುಳಿನ ಉರಿಯೂತ ಆದ ಪ್ರಕರಣಗಳು ದಾಖಲಾಗಿವೆ, ಅದಕ್ಕೇ ಎಳೆಕೂಸಿಗೆ ಹಾಲೂಡಿಸುವ ತಾಯಂದಿರಿಗೆ ಅನಿವಾರ್ಯ ಅಲ್ಲದಿದ್ದರೆ ಕೊಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ತಾಯಿ ಮಗು ಇಬ್ಬರೂ ಈ ಸಲ ಹೋಗಬಾರದು. ಹೋಗಲೇಬೇಕು ಅಂದರೆ ಎಲ್ಲರೂ ಪ್ರವಾಸವನ್ನು ಜನವರಿಗೆ ತಳ್ಳಿ. ಡಿಸೆಂಬರಿನಲ್ಲಿ ಕೂಸಿಗೆ 9 ತಿಂಗಳು ತುಂಬುತ್ತೆ. ಆದರೆ ದಡಾರ, ರುಬೆಲ್ಲಾ ಲಸಿಕೆಯೂ ಅದೇ ಹೊತ್ತಿಗೆ ಬರುತ್ತೆ. ಎರಡೂ ಜೀವಂತ ಲಸಿಕೆ, ಒಂದೇ ದಿನ ಹಾಕಿಸಬೇಕು ಇಲ್ಲವೇ 4 ವಾರ ಅಂತರ ಬಿಡಬೇಕು. ಮಕ್ಕಳ ಡಾಕ್ಟರಿಗೆ ಈಗಲೇ ಹೇಳಿಡಿ.

ನಿಮ್ಮ ಮಗನಿಗೂ ಅದೇ ಮಾತು. ಚಿಕನ್‌ಪಾಕ್ಸ್ ಅಥವಾ ಎಂಎಂಆರ್ ಡೋಸ್ ಈ ತಿಂಗಳು ಹಾಕಿಸಿದ್ದರೆ ಲಸಿಕಾ ಕೇಂದ್ರದಲ್ಲಿ ಮೊದಲೇ ತಿಳಿಸಿ.

ನಮಂಗಾ_ಗಡಿ

ವೀಸಾ ವಿಷಯ ನಾನು ಹೇಳ್ತೀನಿ.

ಕೆನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ, ಅಂದರೆ ಹೊರಡುವ ಮುಂಚೆ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣ ಅನುಮತಿ, ತಂದಿದೆ. ಅರ್ಜಿ ಇಟಿಎಕೆನ್ಯಾ ಡಾಟ್ ಗೋ ಡಾಟ್ ಕೆಇ ಅನ್ನುವ ಸರ್ಕಾರಿ ತಾಣದಲ್ಲಿ ಮಾತ್ರ. ಹುಡುಕಿದಾಗ ಮೊದಲು ಕಾಣಿಸುವ ಜಾಹೀರಾತುಗಳಲ್ಲಿ ಬಹಳಷ್ಟು ದಲ್ಲಾಳಿಗಳವು, 30 ಡಾಲರಿನ ಕೆಲಸಕ್ಕೆ ಎರಡು ಮೂರು ಪಟ್ಟು ಕೀಳ್ತಾರೆ. ವಿಳಾಸದ ಕೊನೆಯಲ್ಲಿ ಆ "ಗೋ ಡಾಟ್ ಕೆಇ" ಇಲ್ಲದಿದ್ದರೆ ಮುಚ್ಚಿಬಿಡಿ. ಶುಲ್ಕ ತಲೆಗೆ 30 ಡಾಲರ್, ಮೇಲೆ ಚೂರು ಕಾರ್ಡ್ ಖರ್ಚು. ಮಕ್ಕಳಿಗೂ ಬೇರೆ ಬೇರೆ ಅರ್ಜಿ. ಪಾಸ್‌ಪೋರ್ಟ್ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಲಿ, ಖಾಲಿ ಪುಟ ಇರಲಿ. ಅದರ ಫೋಟೋ ಪುಟ, ಮುಖದ ಫೋಟೋ, ಟಿಕೆಟ್, ಹೋಟೆಲ್ ಬುಕಿಂಗ್ ಏರಿಸಬೇಕು. ಮೂರು ಕೆಲಸದ ದಿನ ಅಂತಾರೆ, ನೀವು ಎರಡು ವಾರ ಮುಂಚೆ ಹಾಕಿ. ಜಾಸ್ತಿ ಅರ್ಜಿ ಸಿಕ್ಕಿಬೀಳುವುದು ಮಸುಕು ಸ್ಕ್ಯಾನ್ ಮತ್ತು ತಾಳೆಯಾಗದ ಹೆಸರಿನಿಂದ. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮ ಕಡೆ ಸಾಮಾನ್ಯ. ಫೋಟೋ ಪುಟದ ಕೆಳಗೆ ಬಾಣದ ಗುರುತುಗಳ ಎರಡು ಸಾಲು ಇರುತ್ತಲ್ಲ, ಅದರಲ್ಲಿ ಹೆಸರು ಹೇಗೆ ಬಂದಿದೆಯೋ ಟಿಕೆಟ್ಟಿನಲ್ಲೂ ಇಟಿಎಯಲ್ಲೂ ಅದೇ ಹೆಸರು ಇರಲಿ.

ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಅಂತ 100 ಡಾಲರಿನದ್ದು ಇದೆ, ಏಜೆಂಟರು ಅದನ್ನು ತೋರಿಸಬಹುದು. ಅದು ಕೆನ್ಯಾ, ಉಗಾಂಡಾ, ರುವಾಂಡಾಕ್ಕೆ ಮಾತ್ರ. ತಾಂಜಾನಿಯಾ ಅದರಲ್ಲಿಲ್ಲ, ನಿಮಗೆ ಉಪಯೋಗಕ್ಕೆ ಬರಲ್ಲ. ತಾಂಜಾನಿಯಾಕ್ಕೆ ಬೇರೆ ಇ-ವೀಸಾ, 50 ಡಾಲರ್, ಅದೇ ಜಾಂಜಿಬಾರಿಗೂ ಸಾಕು. ಆದರೆ ಜಾಂಜಿಬಾರಿಗೆ 2024ರ ಅಕ್ಟೋಬರ್ 1ರಿಂದ ಕಡ್ಡಾಯ ವಿಮೆಯೂ ಬೇಕು. ಜಾಂಜಿಬಾರ್ ವಿಮಾ ನಿಗಮದಿಂದಲೇ ಕೊಳ್ಳಬೇಕು, ವಯಸ್ಕರಿಗೆ 44 ಡಾಲರ್. ಇಲ್ಲಿ ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ತೋರಿಸಿದರೆ ಆಗಲ್ಲ. ಹಾಗಂತ ಇಲ್ಲಿಯದನ್ನು ಬಿಡಬೇಡಿ. ಮಾರಾದಲ್ಲಿ ಕಾಲು ಮುರಿದರೆ ನೈರೋಬಿಗೆ ಪುಟ್ಟ ವಿಮಾನದಲ್ಲೇ ತರಬೇಕು, ಆ ಖರ್ಚು ಪಾಲಿಸಿಯಲ್ಲಿ ಇದೆಯಾ ಅಂತ ಓದಿ ನೋಡಿ.

ಹಳದಿ_ಪುಸ್ತಕ

ಒಂದು ಬಿಟ್ಟುಹೋಯಿತು. ಹೋಗುವಾಗ ಕೇಳಬೇಕಿಲ್ಲ ಅಂದದ್ದು ನೇರ ಹೋದವರಿಗೆ. ನೀವು ಆಡಿಸ್ ಮೇಲೆ ಹೋಗ್ತೀರಿ, ಇಥಿಯೋಪಿಯಾವೂ ಹಳದಿ ಜ್ವರದ ದೇಶ. ಅಲ್ಲಿ ತುಂಬ ಹೊತ್ತು ನಿಲ್ಲಬೇಕಾದರೆ ಕೆನ್ಯಾದಲ್ಲೂ ಪ್ರಮಾಣಪತ್ರ ಕೇಳಬಹುದು. ಟಿಕೆಟ್ಟಿನಲ್ಲಿ ಮಧ್ಯದ ಗಂಟೆ ಎಷ್ಟು ಅಂತ ಎಣಿಸಿ.

ಸವಾನಾ_ಸುಬ್ಬ

ಮಲೇರಿಯಾ ಬಗ್ಗೆ ಯಾರೂ ಹೇಳಲಿಲ್ಲ. ನೈರೋಬಿ ಎತ್ತರದ ಊರು, ಅಪಾಯ ಕಡಿಮೆ. ಮಾರಾದಲ್ಲಿ ಇದೆ. ಅಲ್ಲಿಯದು ಹೆಚ್ಚಾಗಿ ಫಾಲ್ಸಿಪ್ಯಾರಮ್ ಅನ್ನುವ ಅಪಾಯಕಾರಿ ಬಗೆ, ಹಳೇ ಮಲೇರಿಯಾ ಮಾತ್ರೆ ಕ್ಲೋರೋಕ್ವಿನ್‌ಗೆ ಬಗ್ಗಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವುದು ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೊಂದು. ಒಂದೆರಡು ದಿನ ಮುಂಚೆ ಶುರು ಮಾಡಿ, ವಾಪಸ್ ಬಂದ ಮೇಲೂ 4 ವಾರ ತಗೋಬೇಕು. 17ಕ್ಕೆ ಶುರು ಮಾಡಿದರೆ 26ರವರೆಗೆ 10, ಆಮೇಲೆ 28, ತಲೆಗೆ 38 ಮಾತ್ರೆ. ಜನ ತಪ್ಪುವುದು ಆ 28ರಲ್ಲೇ. ಮನೆಗೆ ಬಂದ ಮೇಲೆ ಯಾಕೆ ಅಂತ ಬಿಟ್ಟುಬಿಡ್ತಾರೆ. ಪರಾವಲಂಬಿ ಯಕೃತ್ತಿನಲ್ಲಿ ಕೂತಿದ್ದು ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತೆ, ಈ ಮಾತ್ರೆ ಕೆಲಸ ಮಾಡುವುದು ರಕ್ತಕ್ಕೆ ಇಳಿದ ಮೇಲೆ. ಊಟದ ಜೊತೆ, ಲೋಟದ ತುಂಬ ನೀರು ಕುಡಿದು ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತೆ. ಬಿಸಿಲಿಗೆ ಚರ್ಮವೂ ಬೇಗ ಕೆಂಪಾಗುತ್ತೆ.

8 ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿ ಕೊಡುವುದಿಲ್ಲ, ಹಲ್ಲಿಗೆ ಬಣ್ಣ ಹಿಡಿಯುತ್ತೆ ಅಂತ. ನಿಮ್ಮ ಮಗನಿಗೆ ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಮೆಫ್ಲೋಕ್ವಿನ್, ತೂಕ ನೋಡಿ ಡಾಕ್ಟರೇ ಬರೆಯಬೇಕು. ಮೊದಲನೆಯದು ಎಲ್ಲ ಅಂಗಡಿಯಲ್ಲಿ ಸಿಗಲ್ಲ, ಬಂದ ಮೇಲೆ 7 ದಿನ ಸಾಕು. ಎರಡನೆಯದು ವಾರಕ್ಕೊಂದು, 2 ವಾರ ಮುಂಚೆಯೇ ಶುರುವಾಗಬೇಕು. ವಾಪಸ್ ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ ಮೊದಲು ಆಫ್ರಿಕಾಕ್ಕೆ ಹೋಗಿದ್ದೆವು ಅಂತ ಹೇಳಿ, ರಕ್ತಪರೀಕ್ಷೆ ಅವತ್ತೇ ಮಾಡಿಸಿ.

ಕಡು ನೀಲಿ, ಕಪ್ಪು ಬಟ್ಟೆ ಸಫಾರಿಗೆ ಬೇಡ, ಕಚ್ಚುವ ತ್ಸೆತ್ಸೆ ನೊಣ ಹುಡುಕಿಕೊಂಡು ಬರುತ್ತೆ.

ನಮಂಗಾ_ಗಡಿ

ಕಸ್ಟಮ್ಸ್‌ನಲ್ಲಿ ನಮ್ಮವರು ಎಡವುವುದು ಪ್ಲಾಸ್ಟಿಕ್ ಕವರ್ ವಿಷಯಕ್ಕೆ. ಕೆನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಕವರ್ ನಿಷೇಧ. ಕಾನೂನಿನಲ್ಲಿ 40 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, 4 ವರ್ಷದವರೆಗೆ ಜೈಲು. ಪ್ರವಾಸಿಗರನ್ನು ಜೈಲಿಗೆ ಹಾಕ್ತಾರೆ ಅಂತ ಹೆದರಿಸ್ತಿಲ್ಲ, ಆದರೆ ತೆಗೆಸ್ತಾರೆ. ಚಪ್ಪಲಿ ಒಂದು ಕವರ್, ಒದ್ದೆ ಬಟ್ಟೆ ಒಂದು ಕವರ್, ಎಣ್ಣೆ ಸೋರಬಾರದು ಅಂತ ಡಬ್ಬಿಗೆ ಎರಡು ಕವರ್, ನಮ್ಮ ಸೂಟ್‌ಕೇಸ್ ತುಂಬ ಅದೇ ಇರುತ್ತೆ. ಎಲ್ಲ ಬಿಚ್ಚಿ ಬಟ್ಟೆ ಚೀಲಕ್ಕೆ ಹಾಕಿ. ಡ್ಯೂಟಿ ಫ್ರೀ ಕವರ್ ವಿಮಾನದಲ್ಲೇ ಬಿಡಿ. 2020ರ ಜೂನ್ 5ರಿಂದ ಅಭಯಾರಣ್ಯ, ಕಡಲತೀರಗಳಲ್ಲಿ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಇಲ್ಲ, ತಲೆಗೊಂದು ಸ್ಟೀಲ್ ಬಾಟಲಿ ಒಯ್ಯಿರಿ. ತಾಂಜಾನಿಯಾದಲ್ಲೂ 2019ರ ಜೂನ್ 1ರಿಂದ ಕವರ್ ನಿಷೇಧ. ಸೋಪು, ಪೇಸ್ಟು ಇಡುವ ಜಿಪ್ ಪೌಚಿಗೆ ಮಾತ್ರ ಅಲ್ಲಿ ಅಡ್ಡಿಯಿಲ್ಲ, ಹಿಂದಕ್ಕೆ ತರಬೇಕು.

ಡ್ರೋನ್ ಇದ್ದರೆ ಮನೆಯಲ್ಲಿಡಿ. ಮೊದಲೇ ಪರವಾನಗಿ ಇಲ್ಲದಿದ್ದರೆ ನೈರೋಬಿ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ತಾರೆ, ನೀವೋ ಜಾಂಜಿಬಾರ್‌ನಿಂದ ವಾಪಸ್, ಬಿಡಿಸಿಕೊಳ್ಳಲು ಯಾರು ಹೋಗ್ತಾರೆ? ಮಿಲಿಟರಿ ಬಣ್ಣದ ಪ್ಯಾಂಟು ಮಗನಿಗೂ ಬೇಡ. ಕೈಯಲ್ಲಿ 10,000 ಡಾಲರ್ ಮೀರಿದರೆ ಘೋಷಿಸಬೇಕು. ನಮ್ಮ ಕಡೆಯಿಂದ ನೋಟಿನ ರೂಪದಲ್ಲಿ ಒಬ್ಬರಿಗೆ 3,000 ಡಾಲರ್‌ವರೆಗೆ ಅಷ್ಟೇ ಸಿಗುವುದು. ಹಳೇ ಸರಣಿಯ, ಗೀಚಿದ, ಅಂಚು ಹರಿದ ಡಾಲರ್ ನೋಟನ್ನು ಅಲ್ಲಿ ಮುಟ್ಟಲ್ಲ, ಫಾರೆಕ್ಸ್ ಅಂಗಡಿಯಲ್ಲೇ ಎಣಿಸಿ ಬದಲಾಯಿಸಿಕೊಳ್ಳಿ.

ಬರುವಾಗ ದಂತ, ಚರ್ಮ, ಕೊಂಬು, ಗರಿ ಯಾವುದೂ ಬೇಡ. ಕಡಲ ದಂಡೆಯಲ್ಲಿ ಮಗ ಆರಿಸಿದ ಚಿಪ್ಪನ್ನೂ ಅಲ್ಲೇ ಹಾಕಿಸಿ.

ಜಯನಗರ_ನಾಲ್ಕನೇ_ಬ್ಲಾಕ್

ತುಂಬಾ ಉಪಕಾರವಾಯಿತು. ಎದೆಹಾಲಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ನಾದಿನಿಗೆ ತೋರಿಸಿದೆ. ಕೊನೇ ಪ್ರಶ್ನೆ: ಅತ್ತೆಗೆ ಹೊರಗಿನ ಊಟ ಆಗಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ, ಸ್ವಲ್ಪ ಕರಿಬೇವು ಒಯ್ಯಬಹುದಾ?

ನಮಂಗಾ_ಗಡಿ

ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತನೆ ಕಾಳು ಬೇಡ. ಸಸ್ಯ ತಪಾಸಣೆಗೆ ಕೆನ್ಯಾದಲ್ಲಿ ಕೆಫಿಸ್ ಅಂತ ಬೇರೆ ಇಲಾಖೆಯೇ ಇದೆ, ಪರವಾನಗಿ ಮತ್ತು ಸಸ್ಯ ಆರೋಗ್ಯ ಪತ್ರ ಇಲ್ಲದ ಹಸಿ ಸೊಪ್ಪನ್ನು ಕಿತ್ತುಕೊಳ್ತಾರೆ. ತುಪ್ಪ, ಪೇಡಾ ಥರದ ಹಾಲಿನ ಪದಾರ್ಥವನ್ನೂ ಬಿಡಿ. ಚಟ್ನಿಪುಡಿ, ಅವಲಕ್ಕಿ ಅಂಗಡಿಯ ಸೀಲ್ ಪ್ಯಾಕೆಟ್ಟಿನಲ್ಲಿ, ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ವಿವರಿಸುವ ಕಷ್ಟ ತಪ್ಪುತ್ತೆ. ಮನೆಯ ಪುಡಿಯನ್ನು ಬಿಳಿ ಹಾಳೆಯಲ್ಲಿ ಕಟ್ಟಿದರೆ ಏನು ಎತ್ತ ಅಂತ ಹೇಳಿ ಮುಗಿಯಲ್ಲ. ಉಪ್ಪಿನಕಾಯಿ ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು, ಎಣ್ಣೆ ಇರುವುದರಿಂದ ಕೈಚೀಲದಲ್ಲಿ ಬೆಂಗಳೂರಿನಲ್ಲೇ ತೆಗೆಸ್ತಾರೆ. ಸ್ಕ್ರೂ ಮುಚ್ಚಳದ ಸ್ಟೀಲ್ ಡಬ್ಬಿ, ಸುತ್ತ ಹಳೇ ಪಂಚೆ. ಕವರ್ ಬೇಡ.

ಶೀತಲ_ಪೆಟ್ಟಿಗೆ

ಅತ್ತೆಯವರ ಬಿಪಿ ಮಾತ್ರೆ ಕೈಚೀಲದಲ್ಲಿರಲಿ, ಸ್ಟ್ರಿಪ್ ಕತ್ತರಿಸದೆ, ಡಾಕ್ಟರ ಚೀಟಿ ಸಮೇತ. 9 ದಿನದ ಪ್ರವಾಸಕ್ಕೆ 15 ದಿನದ್ದು ಇಟ್ಟುಕೊಳ್ಳಿ. ಹಳದಿ ಪುಸ್ತಕವನ್ನು ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಆರೋಗ್ಯ ಕೌಂಟರ್ ಬರುವುದು ಇಮಿಗ್ರೇಷನ್‌ಗಿಂತ ಮೊದಲು, ಸೂಟ್‌ಕೇಸ್ ಸಿಗುವುದು ಅದಾದ ಮೇಲೆ.